ಇಟಾಸ್ಕಾದ ಕೆಂಪು ಪೈನ್‌ಗಳು ಉಳಿದ ಬಗೆ

ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು ನಾಲ್ಕು ಗಂಟೆ ಕಾರು ಓಡಿಸಿದರೆ ಇಟಾಸ್ಕಾ ಸ್ಟೇಟ್ ಪಾರ್ಕ್. ಮಿಸಿಸಿಪ್ಪಿ ನದಿ ಹೊರಡುವುದು ಅಲ್ಲಿನ ಸರೋವರದಿಂದ. ಊರಿನಿಂದ ಬಂದ ನೆಂಟರನ್ನು ಬೇಸಿಗೆಯಲ್ಲಿ ಅಲ್ಲಿಗೆ ಕರೆದೊಯ್ಯುವುದು ನಮ್ಮ ಮನೆಯ ರೂಢಿ. ತಲಕಾವೇರಿ ಕಂಡವರ ಕಣ್ಣು ಮೊದಲು ಹುಡುಕುವುದು ಗುಡಿಯನ್ನು. ಇಲ್ಲಿ ಗುಡಿಯಿಲ್ಲ. ಸರೋವರದ ಅಂಚಿಗೆ ಅಡ್ಡಲಾಗಿ ಒಂದು ಸಾಲು ಬಂಡೆ, ಅವುಗಳ ಸಂದಿಯಿಂದ ನುಸುಳುವ ಮೊಣಕಾಲುದ್ದದ ತಿಳಿನೀರು, ಅಷ್ಟೇ. ಮಕ್ಕಳು ಪ್ಯಾಂಟು ಮಡಚಿಕೊಂಡು ನದಿಯನ್ನೇ ದಾಟಿಬಿಡುತ್ತಾರೆ.

ಆ ಬಂಡೆಸಾಲು 1930ರ ದಶಕದ್ದು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸರ್ಕಾರ ಕೆಲಸ ಕೊಟ್ಟ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ತರುಣರು ಜೌಗು ತುಂಬಿ ಕಲ್ಲು ಜೋಡಿಸಿದರು. ನೀರು ಮಾತ್ರ ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರಿಗೆ ತಲೆತಲಾಂತರದಿಂದ ಗೊತ್ತಿದ್ದದ್ದು. 1832ರಲ್ಲಿ ನದಿಯ ಮೂಲ ಹುಡುಕುತ್ತ ಬಂದ ಹೆನ್ರಿ ಸ್ಕೂಲ್‌ಕ್ರಾಫ್ಟ್‌ಗೆ ಈ ಸರೋವರದ ದಾರಿ ತೋರಿಸಿದ್ದು ಓಜಿಬ್ವೆ ಮುಖಂಡ ಓಜಾವಿಂಡಿಬ್. ಆ ಹೆಸರೇ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವುದು ಮರಗಳ ಕಥೆ. ಮರದ ಕಂಪನಿಗಳು ಮಿನೆಸೋಟದ ಪೈನ್ ಕಾಡನ್ನು ಬೋಳಿಸುತ್ತಿದ್ದ ಕಾಲ ಅದು. 1889ರಲ್ಲಿ ಈ ಸೀಮೆಯನ್ನು ಅಳೆಯಲು ಬಂದ ಜೇಕಬ್ ಬ್ರೋವರ್, ಇದನ್ನು ಉಳಿಸಲೇಬೇಕೆಂದು ಹಟ ಹಿಡಿದ. 1891ರ ಏಪ್ರಿಲ್ 20ರಂದು ಪಾರ್ಕ್ ಹುಟ್ಟಿತು. ಶಾಸನಸಭೆಯಲ್ಲಿ ಗೆದ್ದದ್ದು ಒಂದೇ ಮತದಿಂದ! ಕಾನೂನು ಬಂದರೂ ಕೊಡಲಿ ನಿಲ್ಲಲಿಲ್ಲ. ದಿಮ್ಮಿ ತೇಲಿಸಲು ಕಂಪನಿ ಕಟ್ಟಿದ ಅಣೆಕಟ್ಟಿನಿಂದ ಸರೋವರ ಉಕ್ಕಿ ದಡದ ಮರಗಳು ನಿಂತಲ್ಲೇ ಸಾಯತೊಡಗಿದವು.

1903ರಲ್ಲಿ ಪಾರ್ಕಿನ ಕಮಿಷನರ್ ಆಗಿದ್ದ ತಂದೆ ತೀರಿಕೊಂಡಾಗ ಆ ಹುದ್ದೆ 24 ವರ್ಷದ ಮೇರಿ ಗಿಬ್ಸ್ ಪಾಲಿಗೆ ಬಂತು. ಅಣೆಕಟ್ಟಿನ ಗೇಟು ತೆರೆಯಿರಿ ಎಂದು ಆಕೆ ಆಜ್ಞೆ ಮಾಡಿದಳು. ಕಂಪನಿಯವರು ಬಂದೂಕು ಹಿಡಿದು ನಿಂತರು. ಗುಂಡಿಗೆ ಹೆದರದೆ ಮೇರಿ ತಾನೇ ಮುಂದೆ ಹೋಗಿ ಗೇಟಿಗೆ ಕೈ ಹಾಕಿದಳೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಕಂಪನಿ ಕೋರ್ಟಿಗೆ ಹೋಯಿತು, ಕೆಲವೇ ತಿಂಗಳಲ್ಲಿ ಆಕೆ ಹುದ್ದೆ ಬಿಟ್ಟಳು. ಮರ ಕಡಿಯುವುದು ಇನ್ನೂ ಒಂದೂವರೆ ದಶಕ ಎಳೆಯಿತು.

ಉಳಿದ ಮರಗಳಲ್ಲಿ ಕೆಲವು ಪಾರ್ಕಿನ ಪ್ರೀಚರ್ಸ್ ಗ್ರೋವ್‌ನಲ್ಲಿವೆ. 250 ವರ್ಷ ದಾಟಿದ ಕೆಂಪು ಪೈನ್‌ಗಳು. ತೊಗಟೆ ಹಾಳೆಹಾಳೆಯಾಗಿ ಏಳುತ್ತದೆ, ಒಳಗೆ ಇಟ್ಟಿಗೆಯ ಕೆಂಪು, ಬುಡದಲ್ಲಿ ಹಳೆಯ ಕಾಳ್ಗಿಚ್ಚಿನ ಕಪ್ಪು ಗಾಯ.

ಅಮೆರಿಕಕ್ಕೆ ಮಕ್ಕಳ ಮನೆಗೆ ಬಂದವರು ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹಿಂತಿರುಗಬೇಡಿ. ಪಾರ್ಕಿನ ಪೈನ್ ರಿಡ್ಜ್ ಶಿಬಿರತಾಣದಲ್ಲಿ ಒಂದು ರಾತ್ರಿ ಟೆಂಟು ಹಾಕಿ, ಬೆಳಿಗ್ಗೆ ಎದ್ದು ಈ ಮರಗಳ ನಡುವೆ ನಡೆಯಿರಿ, ಜೊತೆಗಿರುವ ಮಕ್ಕಳಿಗೆ ಮೇರಿ ಗಿಬ್ಸ್ ಕಥೆ ಹೇಳಿ.