ಕಿಡಿ ಹಾರುವ ಸಂದು

ಬೇತಮಂಗಲವೆಂದರೆ ಚರಿತ್ರೆ ಬಲ್ಲವರಿಗೆ ವಿಜಯಾದಿತ್ಯಮಂಗಲ. ಪಾಲಾರಿನ ದೊಡ್ಡ ಕೆರೆ. ಕೋಲಾರದ ಚಿನ್ನದ ಗಣಿಗಳಿಗೆ ನೀರೂಡಿದ ಊರು. ನನಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಹೆಬ್ಬೆರಳುದ್ದದ ಒಂದು ವಸ್ತು, ಜೀಪಿನ ಸ್ಪಾರ್ಕ್ ಪ್ಲಗ್ಗು.

1974ರ ಮಳೆಗಾಲದ ಒಂದು ರಾತ್ರಿ. ತಾಯಿಯವರಿಗೆ ಉಬ್ಬಸ ಉಲ್ಬಣಿಸಿತ್ತು. ಬಾಡಿಗೆಯ ಹಳೆಯ ಪೆಟ್ರೋಲ್ ಜೀಪಿನಲ್ಲಿ ಅವರನ್ನು ಗಣಿಯೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಕೆರೆ ದಾಟಿ ತುಸು ದೂರ ಹೋಗುವಷ್ಟರಲ್ಲಿ ಗಾಡಿ ಕುಂಟತೊಡಗಿತು. ಏರು ಸಿಕ್ಕೊಡನೆ ನಿಂತೇಬಿಟ್ಟಿತು.

ಡ್ರೈವರು ವಯಸ್ಸಾದವರು, ಗಾಬರಿಯಾಗಲಿಲ್ಲ. ಮತ್ತೆ ಚಾಲೂ ಮಾಡಿ, ಬಟ್ಟೆ ಸುತ್ತಿದ ಕೈಯಿಂದ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಎಳೆದು ನೋಡಿದರು. ಎಳೆದಾಗಲೆಲ್ಲ ಎಂಜಿನ್ನಿನ ದನಿ ತಗ್ಗುತ್ತಿತ್ತು. ಮೂರನೆಯದರಲ್ಲಿ ಬದಲಾಗಲೇ ಇಲ್ಲ. "ಇದೇ ಸತ್ತಿರೋದು ಸ್ವಾಮಿ," ಎಂದರು. ಸುತ್ತಲಿನ ಧೂಳು ಒಳಗೆ ಬೀಳದಂತೆ ಊದಿ, ಪ್ಲಗ್ಗನ್ನು ಬಿಚ್ಚಿ ಬ್ಯಾಟರಿ ಬೆಳಕಿಗೆ ಹಿಡಿದರು. ಕಪ್ಪಗೆ, ಎಣ್ಣೆಯಿಂದ ತೊಯ್ದಿತ್ತು. ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು. ಉಳಿದವು ಕಂದುಬಣ್ಣದವು, ಆರೋಗ್ಯವಾಗಿದ್ದವು. ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆಯೆಂದು, ಒಣ ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆಯೆಂದು ಅರ್ಥ. ವೈದ್ಯರು ನಾಲಿಗೆ ನೋಡುವ ಹಾಗೆ! ಹಿಂದೆ ಕುಳಿತ ತಾಯಿಯ ಉಸಿರಿನ ಸಿಳ್ಳು ನನಗೆ ಕೇಳಿಸುತ್ತಲೇ ಇತ್ತು.

ಈ ಕಿಡಿಯ ಕಥೆಯನ್ನು ನಾನು ಓದಿಕೊಂಡದ್ದು ಆಮೇಲೆ. 1860ರಲ್ಲಿ ಪ್ಯಾರಿಸಿನಲ್ಲಿ ಲೆನ್ವಾ ಎಂಬಾತ ತನ್ನ ಅನಿಲ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ್ದ. ಆದರೆ ಓಡುವ ಗಾಡಿಯಲ್ಲಿ ಅದನ್ನು ನೆಚ್ಚುವಂತಿರಲಿಲ್ಲ. ಡೈಮ್ಲರನ ಮೊದಲ ಎಂಜಿನ್ನುಗಳು ಕಾದ ಕೊಳವೆಯಿಂದಲೇ ಹೊತ್ತಿಕೊಳ್ಳುತ್ತಿದ್ದವು. ಬಾಷ್ ಕಂಪೆನಿಯ ಗಾಟ್ಲೋಬ್ ಹೋನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ಜರ್ಮನಿಯಲ್ಲಿ ಸಿದ್ಧಪಡಿಸಿದ್ದು 1902ರಲ್ಲಿ. ಇಸವಿ ಓದಿ ನಾನು ಬೆರಗಾದೆ. ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯಲ್ಲಿ ಹರಿದು ಇದೇ ಕೋಲಾರದ ಗಣಿಗಳನ್ನು ಮುಟ್ಟಿದ್ದೂ 1902ರಲ್ಲೇ. ಆ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಒಂದು ಕಡೆ ವಿದ್ಯುತ್ತು ಬೆಟ್ಟ ಬಯಲುಗಳನ್ನು ದಾಟಿತು. ಇನ್ನೊಂದು ಕಡೆ ಮುಕ್ಕಾಲು ಮಿಲಿಮೀಟರಿನಷ್ಟು ಸಂದನ್ನು ಹಾರಿತು. ಎರಡನೆಯದು ಸುಲಭವೆಂದು ತಿಳಿಯಬೇಡಿ. ಎರಡು ಸಾವಿರ ಡಿಗ್ರಿ ಮೀರಿದ ಉರಿಯೆದುರು ಆ ಪಿಂಗಾಣಿ ಸೋರದೆ, ಒಡೆಯದೆ ನಿಲ್ಲಬೇಕು.

ಆಮೇಲಿನದು ನಮಗೆ ಹತ್ತಿರದ ಕಥೆ. ವಿಲ್ಲಿಸ್ ಜೀಪುಗಳನ್ನು ಮಹೀಂದ್ರದವರು 1947ರಲ್ಲಿ ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಬಾಷ್ ಸಹಯೋಗದ ಮೈಕೊ 1951ರಲ್ಲಿ ಬೆಂಗಳೂರಿಗೆ ಬಂದು, ಪ್ಲಗ್ಗು ನಮ್ಮ ನೆರೆಯಲ್ಲೇ ತಯಾರಾಗುವಂತಾಯಿತು.

ಡ್ರೈವರ ಚೀಲದಲ್ಲಿ ಒಂದೇ ಒಂದು ಹಳೆಯ ಪ್ಲಗ್ಗು ಇತ್ತು. ಅದರ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡನ್ನು ತೂರಿಸಿ ಸಂದು ಅಳೆದರು. ಬೆರಳಿನಿಂದಲೇ ಮರೆ ಹಿಡಿಸಿ, ಕೊನೆಗಷ್ಟೇ ಪಾನಾ ಹಾಕಿದರು. ಆತುರಪಟ್ಟು ಮರೆ ಹಾಳಾದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತದೆ. ನಾನು ಎರಡು ಸಲ "ಬೇಗ" ಎಂದೆ. ಅವರು ಉತ್ತರ ಕೊಡಲಿಲ್ಲ.

ಜೀಪು ನಾಲ್ಕೂ ಕಾಲಿನಲ್ಲಿ ಏರು ಹತ್ತಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ತಾಯಿ ಕಣ್ಣು ತೆರೆದು, ಡ್ರೈವರಿಗೆ ಕಾಫಿ ಕೊಡಿಸಿದೆಯಾ ಎಂದು ಕೇಳಿದರು. ಗಣಿಗಳು 2001ರಲ್ಲಿ ಮುಚ್ಚಿದವು. ಬಿರುಕುಬಿಟ್ಟ ಆ ಪ್ಲಗ್ಗು ನನ್ನ ಮೇಜಿನ ಮೇಲೆ ಕಾಗದಗಳ ಭಾರಕ್ಕೆ ಕುಳಿತಿದೆ.