ಅರ್ಬುದವಿಚಾರ: ಅಸಂಕೇತಕ ಆರ್.ಎನ್.ಎ. ಮತ್ತು ರಾಯಚೂರು ಸೀಮೆ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ಚರಿತ್ರಕಾರರಿಗೆ ಚಿನ್ನದ ನಾಡೆಂದು ಪರಿಚಿತವಾದುದು. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬಾತನು ಚಿನ್ನದ ಗಣಿಯ ಇಂಜಿನಿಯರನೇ ಆಗಿದ್ದನು. ಹಟ್ಟಿಯ ಪ್ರಾಚೀನ ಗಣಿಗಳು ಇಲ್ಲಿಯ ಲೋಹವಿದ್ಯೆಗೆ ಇನ್ನೊಂದು ಸಾಕ್ಷಿ. ಆದರೆ ಈ ಶಿಲೆಗಳಲ್ಲಿ ಚಿನ್ನದ ಸಂಗಡ ಆರ್ಸೆನಿಕ್ ಎಂಬ ವಿಷಧಾತುವೂ ಕಬ್ಬಿಣ ಗಂಧಕಗಳೊಡನೆ ಕೂಡಿಕೊಂಡು ನೆಲೆಸಿದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಧಾತುವಿಷಗಳೆಂದು ಎಣಿಸಿರುವ ಎರಡರಲ್ಲಿ ಒಂದಾದ ಹರಿತಾಲವು ಈ ಧಾತುವಿನ ಸಂಯುಕ್ತವೇ.

ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಕೆಲವೆಡೆ ಅಂತರ್ಜಲದಲ್ಲಿ ಈ ವಿಷವು ಮಿತಿಮೀರಿ ಕಂಡುಬಂದಿದೆ. ಒಂದು ಲೀಟರು ಕುಡಿಯುವ ನೀರಿನಲ್ಲಿ ಇದು 10 ಮೈಕ್ರೊಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ದೇವದುರ್ಗದ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಸಿಕ್ಕುವ ಸುರಪುರ ಪ್ರಾಂತದ ಕಿರದಳ್ಳಿ ತಾಂಡಾ ಎಂಬ ಊರು ಹಳೆಯ ಚಿನ್ನದ ಗಣಿಯ ನೆರೆಯಲ್ಲಿದೆ. ಅಲ್ಲಿ ಕೊಳವೆಬಾವಿಯ ನೀರನ್ನು ಕುಡಿದವರಲ್ಲಿ ಅನೇಕರಿಗೆ ಚರ್ಮವಿಕಾರವೂ ಕೆಲವರಿಗೆ ಚರ್ಮದ ಅರ್ಬುದದ ಲಕ್ಷಣವೂ ಉಂಟಾಗಿದ್ದುದನ್ನು 2013ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತಿಳಿಸಿತು. ನೀರಿನೊಡನೆ ಒಳಹೊಕ್ಕ ವಿಷವು ಅರ್ಬುದವಾಗಿ ಹೊರಬೀಳುವ ಬಗೆ ಯಾವುದೆಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ಒಂದರ ಚರಿತ್ರೆಯು ಶಬ್ದಶಾಸ್ತ್ರಜ್ಞರಿಗೂ ವಿಚಾರಾರ್ಹವಾಗಿದೆ.

ಅರ್ಬುದವೆಂಬ ಹೆಸರು ಬಹು ಪ್ರಾಚೀನವಾದುದು. ಸುಶ್ರುತನು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಇದನ್ನು ಗ್ರಂಥಿ, ಅಪಚಿ, ಗಲಗಂಡಗಳೊಡನೆ ನಿರೂಪಿಸಿದ್ದಾನೆ. ದುಂಡಗೆ, ಗಟ್ಟಿಯಾಗಿ, ಆಳವಾಗಿ ಬೇರೂರಿ, ತಡವಾಗಿ ಬೆಳೆದು, ಕೀವುಗೂಡದಿರುವ ಮಾಂಸದ ಉಬ್ಬರವೇ ಅರ್ಬುದ. ಒಂದು ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದ. ಎರಡು ಜೊತೆಯಾಗಿ ಅಥವಾ ಒಂದರ ಬಳಿಕ ಒಂದಾಗಿ ಬಂದರೆ ದ್ವಿರರ್ಬುದ. ಇವು ಅಸಾಧ್ಯಗಳೆಂದು ಅವನ ನಿರ್ಣಯ. ಲಕ್ಷಣವು ಇಷ್ಟು ನಿಷ್ಕೃಷ್ಟವಾಗಿದ್ದರೂ ಕಾರಣವು ದೋಷಗಳ ಪ್ರಕೋಪವೆಂಬಲ್ಲಿಗೆ ನಿಂತಿತು.

ಜೀವಕೋಶದೊಳಗಿನ ವಿಚಾರವು ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. ಡಿ.ಎನ್.ಎ.ಯ ರಚನೆಯನ್ನು ವಾಟ್ಸನ್, ಕ್ರಿಕ್ ಇಬ್ಬರೂ 1953ರಲ್ಲಿ ವಿವರಿಸಿದರು. ಅದರಲ್ಲಿ ಬರೆದ ವಿಧಿಯನ್ನು ಆರ್.ಎನ್.ಎ.ಯು ಪ್ರತಿಮಾಡಿಕೊಂಡು ಒಯ್ಯುವುದು, ಅದರಂತೆ ಪ್ರೋಟೀನು ನಿರ್ಮಿತವಾಗುವುದು ಎಂಬ ಕ್ರಮವು ಬಳಿಕ ಸ್ಥಿರಪಟ್ಟಿತು. ಮನುಷ್ಯನ ಡಿ.ಎನ್.ಎ.ಯಲ್ಲಾದರೋ ಪ್ರೋಟೀನಿಗೆ ವಿಧಿಯಾಗಿರುವ ಭಾಗವು ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದುದು ಏತಕ್ಕೆ? ಸುಸುಮು ಓನೋ ಎಂಬ ವಿದ್ವಾಂಸನು 1972ರಲ್ಲಿ ಬಳಸಿದ ಕಸವೆಂಬ ಅರ್ಥದ ಮಾತು ಈ ಶೇಷಭಾಗಕ್ಕೆ ಬಹುಕಾಲ ಅಂಟಿಕೊಂಡಿತು.

ಈ ಮತಕ್ಕೆ ಮೊದಲ ಬಾಧಕಗಳಲ್ಲಿ ಒಂದು ಬಂದುದು ಒಂದು ಅಲ್ಪವಾದ ಹುಳುವಿನಿಂದ. 1993ರಲ್ಲಿ ಆಂಬ್ರೋಸ್, ರುವ್ಕುನ್ ಇವರ ಶೋಧನೆಗಳಿಂದ, ಪ್ರೋಟೀನನ್ನು ನಿರ್ಮಿಸದ ಇಪ್ಪತ್ತೆರಡು ಅಕ್ಷರಗಳಷ್ಟು ಕಿರಿದಾದ ಆರ್.ಎನ್.ಎ.ಯೊಂದು ಬೇರೊಂದು ವಿಧಿಯನ್ನು ತಡೆಯುವುದೆಂದು ಗೊತ್ತಾಯಿತು. ಅಂಥ ಕಿರಿಯ ಆರ್.ಎನ್.ಎ. ಮನುಷ್ಯರಲ್ಲಿಯೂ ಉಂಟೆಂದು 2000ದಲ್ಲಿ ತಿಳಿದುಬಂದಿತು. ಇವರಿಬ್ಬರಿಗೂ 2024ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. 2002ರಲ್ಲಿ ಕಾಲಿನ್, ಕ್ರೋಚೆ ಮೊದಲಾದವರು ಒಂದು ಬಗೆಯ ರಕ್ತದ ಅರ್ಬುದದಲ್ಲಿ ಇಂಥ ಎರಡು ಕಿರಿಯ ಆರ್.ಎನ್.ಎ.ಗಳು ಲೋಪವಾಗಿರುವುದನ್ನು, ಇಲ್ಲವೆ ಕುಗ್ಗಿರುವುದನ್ನು ತೋರಿಸಿದರು. ಸಾಯಬೇಕಾದ ಕೋಶವನ್ನು ಸಾಯದಂತೆ ಕಾಯುವ ಪ್ರೋಟೀನೊಂದನ್ನು ಇವು ಅಡಗಿಸಬೇಕು. ಇವೇ ಇಲ್ಲವಾದಾಗ ಕೋಶಗಳು ಸಾಯದೆ ಗುಂಪುಗೂಡುತ್ತವೆ. ಇದಕ್ಕೆ ವಿಪರೀತವಾಗಿ, ಹಾಟೇರ್ ಎಂಬ ನೀಳವಾದ ಆರ್.ಎನ್.ಎ.ಯು ಸ್ತನದ ಅರ್ಬುದದಲ್ಲಿ ಅಧಿಕವಾದಾಗ ರೋಗವು ಇತರ ಅಂಗಗಳಿಗೆ ಹಬ್ಬಲು ನೆರವಾಗುವುದೆಂದು 2010ರಲ್ಲಿ ತಿಳಿದುಬಂದಿತು. ಒಂದು ತಡೆಯುವುದು, ಒಂದು ಪ್ರೇರಿಸುವುದು. ಎರಡೂ ಪ್ರೋಟೀನಿನ ವಿಧಿಯಲ್ಲ.

ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ಈ ವಾದಕ್ರಮವು ಹೊಸದಲ್ಲ. ಜೈಮಿನಿಯ ಸೂತ್ರಗಳ ಪ್ರಥಮಾಧ್ಯಾಯದ ದ್ವಿತೀಯಪಾದದಲ್ಲಿ, ಕ್ರಿಯೆಯನ್ನು ವಿಧಿಸದ ವೇದಭಾಗವೆಲ್ಲ ಅನರ್ಥಕವೆಂದು ಪೂರ್ವಪಕ್ಷವು ಹೊರಡುತ್ತದೆ. ಅವು ವಿಧಿಯೊಡನೆ ಏಕವಾಕ್ಯತೆಯನ್ನು ಪಡೆದು ಸ್ತುತಿಯಿಂದ ಪ್ರವರ್ತಿಸುತ್ತ ನಿಂದೆಯಿಂದ ನಿವರ್ತಿಸುತ್ತ ಸಾರ್ಥಕವಾಗುವುವೆಂಬುದು ಸಿದ್ಧಾಂತ. ಸಾಮ್ಯವು ಇಲ್ಲಿಗೆ ಮಾತ್ರ ಸಲ್ಲುವುದು. ವೇದದಲ್ಲಿ ಒಂದಕ್ಷರವೂ ವ್ಯರ್ಥವಲ್ಲವೆಂಬ ಶ್ರದ್ಧೆಯನ್ನು ಡಿ.ಎನ್.ಎ.ಗೆ ಅನ್ವಯಿಸಲಾಗದು, ಅಲ್ಲಿ ಪ್ರತಿಯೊಂದು ಭಾಗದ ಪ್ರಯೋಜನವೂ ಪರೀಕ್ಷೆಯಿಂದಲೇ ಸಿದ್ಧವಾಗಬೇಕು.

ಮಾನವಿಯ ಸಾಹಿತ್ಯಚರಿತ್ರೆಯಲ್ಲಿಯೂ ಇಂಥದೊಂದು ಕಥೆಯುಂಟು. ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತಪಾಂಡಿತ್ಯದ ಹೆಮ್ಮೆಯಿಂದ ವಿಜಯದಾಸರ ಕನ್ನಡ ಪದಗಳನ್ನು ಕಡೆಗಣಿಸಿದರೆಂದೂ, ಬಳಿಕ ಉದರವ್ಯಾಧಿಯಿಂದ ನೊಂದು ಗೋಪಾಲದಾಸರ ಅನುಗ್ರಹದಿಂದ ಉಳಿದರೆಂದೂ ಸಂಪ್ರದಾಯವು ಹೇಳುತ್ತದೆ. ಅವರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ಶಾಸ್ತ್ರವಲ್ಲವೆಂದು ತೊರೆದ ಭಾಷೆಯೇ ಅವರ ಶಾಸ್ತ್ರಕ್ಕೆ ಆಶ್ರಯವಾಯಿತು.

ಪ್ರಕೃತಕ್ಕೆ ಬರುವುದಾದರೆ, ಆರ್ಸೆನಿಕ್ಕಿಗೂ ಅಸಂಕೇತಕ ಆರ್.ಎನ್.ಎ.ಗೂ ಸಂಬಂಧವಿರುವುದನ್ನು 2011ರ ಪ್ರಯೋಗವೊಂದು ತೋರಿಸಿತು. ಶ್ವಾಸನಾಳದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬಹುದಿನ ಆರ್ಸೆನಿಕ್ಕಿನಲ್ಲಿರಿಸಿದಾಗ ಮಿರ್-200 ಎಂಬ ಕುಲದ ಕಿರಿಯ ಆರ್.ಎನ್.ಎ.ಗಳು ಕುಗ್ಗಿ ಕೋಶಗಳು ಅರ್ಬುದಸ್ವಭಾವವನ್ನು ತಾಳಿದುವು. ಆ ಕುಲದ ಮಿರ್-200ಬಿ ಎಂಬುದನ್ನು ಮರಳಿ ಒದಗಿಸಿದಾಗ ಆ ಸ್ವಭಾವವು ಹಿಂಜರಿಯಿತು. ಹೀಗೆಂದು ಔಷಧವು ಕೈಗೂಡಿತೆಂದು ತಿಳಿಯಲಾಗದು. ಮಿರ್-34 ಎಂಬುದರ ಅನುಕರಣವನ್ನು ರೋಗಿಗಳಿಗೆ ಕೊಟ್ಟ ಪರೀಕ್ಷೆಯು ತೀವ್ರವಾದ ದುಷ್ಪರಿಣಾಮಗಳಿಂದ 2016ರಲ್ಲಿ ನಿಂತುಹೋಯಿತು. ರೋಗನಿರ್ಣಯದಲ್ಲಾದರೋ ಫಲವು ಕಂಡಿದೆ: ಪಿ.ಸಿ.ಎ.-3 ಎಂಬ ನೀಳ ಆರ್.ಎನ್.ಎ.ಯನ್ನು ಮೂತ್ರದಲ್ಲಿ ಅಳೆದು ಪ್ರಾಸ್ಟೇಟ್ ಗ್ರಂಥಿಯ ಅರ್ಬುದವನ್ನು ಊಹಿಸುವ ಪರೀಕ್ಷೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆಯಿತು.

ಇನ್ನು ಹೆಸರಿನ ವಿಚಾರ. ಈ ಆರ್.ಎನ್.ಎ.ಗಳನ್ನು ನಿರರ್ಥಕವೆಂದು ಕನ್ನಡಿಸಿದರೆ ಬಿದ್ದುಹೋದ ಪೂರ್ವಪಕ್ಷವನ್ನೇ ವಿದ್ಯಾರ್ಥಿಗಳಿಗೆ ಕಲಿಸಿದಂತಾಗುತ್ತದೆ. ಎಲ್ಲವನ್ನೂ ನಿಯಾಮಕವೆಂದರೆ ಅತಿವ್ಯಾಪ್ತಿದೋಷ. ಆದಕಾರಣ ಇಡಿಯ ವರ್ಗಕ್ಕೆ ಅಸಂಕೇತಕವೆಂದೂ, ಕಾರ್ಯವು ಸಿದ್ಧವಾದವುಗಳಿಗೆ ಮಾತ್ರ ನಿಯಾಮಕವೆಂದೂ ವ್ಯವಹರಿಸುವುದು ಯುಕ್ತ. ರಾಯಚೂರು ನಗರದ ವೈದ್ಯಶಾಲೆಗೆ ಬರುವ ದೇವದುರ್ಗ, ಮಾನವಿಗಳ ಹಳ್ಳಿಗರಿಗೆ ರೋಗದ ಕಾರಣವನ್ನು ಅವರ ನುಡಿಯಲ್ಲೇ ತಿಳಿಸಬೇಕಾಗಿದೆ. ಆರ್.ಎನ್.ಎ.ಯ ಔಷಧಕ್ಕಿಂತ ಮುಂಚೆ ಅವರಿಗೆ ಬೇಕಾದುದು ವಿಷವಿಲ್ಲದ ನೀರು. ಅದರ ಅವಶ್ಯಕತೆಯನ್ನು ಮನಗಾಣಿಸುವುದಕ್ಕೂ ದಿಟವಾದ ಶಬ್ದವೇ ಸಾಧನ.