ಬಯಲಿನಿಂದ ತಗಡಿನ ಮನೆಗೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಕಾಯಿಪಲ್ಲೆಯವರ ಕೂಗು, ಅರಿವೆಯಂಗಡಿಗಳ ಜನಸಂದಣಿ, ಗಿರಮಿಟ್ಟು ಮಿರ್ಚಿಗಳ ಪರಿಮಳ ಇವುಗಳ ನಡುವೆ ನಿಂತವನಿಗೆ, ಆ ಸ್ಥಳನಾಮದೊಳಗಿನ ದುರ್ಗವು ಕಣ್ಮರೆಯಾಗಿ ಬಯಲೊಂದೇ ಉಳಿದುಬಂದಿದೆಯೆಂಬುದು ಸಹಜವಾಗಿ ಹೊಳೆಯುತ್ತದೆ. ಉತ್ತರ ಕರ್ನಾಟಕದವರಿಗೆ ಬಯಲೆಂಬುದು ಬರಿಯ ತೆರವು ನೆಲವಲ್ಲ. ದೊಡ್ಡಾಟ ಸಣ್ಣಾಟಗಳು ಬೆಳತನಕ ನಡೆಯುತ್ತಿದ್ದ ರಂಗಸ್ಥಳವೂ ಅದೇ. ಆದುದರಿಂದಲೇ ಇರಬೇಕು, ಚಲಚ್ಚಿತ್ರವು ಬಂದಾಗ ಅದರ ಪ್ರದರ್ಶನಕ್ಕೆ ನಮ್ಮ ಜನ ಹೊಸ ಹೆಸರನ್ನರಸದೆ, ಮೊದಲನೆಯ ಆಟ, ಎರಡನೆಯ ಆಟವೆಂದು ಹಳೆಯ ಶಬ್ದವನ್ನೇ ಅದಕ್ಕೂ ಕೊಟ್ಟರು.

ಶಬ್ದವು ಹಳೆಯದಾದರೂ ಕಾಲಗಣನೆ ಹೊಸದಾಯಿತು. ಬಯಲಾಟವು ಸುಗ್ಗಿಯನ್ನೂ ಜಾತ್ರೆಯನ್ನೂ ಕಾಯುತ್ತಿತ್ತು; ಅದಕ್ಕೆ ವಾರದ ಹಂಗಿರಲಿಲ್ಲ. ಸದರ್ನ್ ಮರಾಠಾ ರೇಲ್ವೆಯು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಲ್ಲಿ ತನ್ನ ಕಾರ್ಯಾಗಾರವನ್ನು ಸ್ಥಾಪಿಸಿದ ಮೇಲೆ, ಹತ್ತಿಯ ಗಿರಣಿಗಳೂ ಬೆಳೆದು, ಭೋಂಗಾದ ಕೂಗಿಗೆ ಏಳುವ, ಪಗಾರದ ದಿನವನ್ನೆಣಿಸುವ ಹೊಸದೊಂದು ಸಮುದಾಯವು ಹುಟ್ಟಿತು. ವಾರದ ಕೊನೆಯ ವಿರಾಮವೆಂಬುದು, ನನಗೆ ತೋರುವಂತೆ, ಈ ಜನಕ್ಕಾಗಿ ಹುಟ್ಟಿದ ಹಬ್ಬ. ಆ ಹಬ್ಬದ ದೇಗುಲವೇ ತಗಡು ಹೊದಿಸಿದ ಚಿಕ್ಕ ಸಿನೆಮಾ ಮನೆ.

ಅಂಥದೊಂದು ಮನೆ ನ್ಯೂ ಡೆಕ್ಕನ್ ಸಿನೆಮಾ. 1901ರಲ್ಲಿ ಜನಿಸಿದ ಶಾಂತಾರಾಮ ವಣಕುದ್ರೆ ಎಂಬ ಹುಡುಗನು, ಗಂಧರ್ವ ನಾಟಕ ಮಂಡಳಿಯಲ್ಲಿ ಕೆಲಕಾಲವಿದ್ದು, ಹುಬ್ಬಳ್ಳಿಗೆ ಬಂದು, ಹಗಲು ರೇಲ್ವೆ ಕಾರ್ಯಾಗಾರದಲ್ಲಿ ದುಡಿದು, ಸಂಜೆ ಈ ಮನೆಯಲ್ಲಿ ಬಾಗಿಲು ಕಾಯುವುದೇ ಮೊದಲಾದ ಕೆಲಸಗಳನ್ನು ಮಾಡುತ್ತಿದ್ದನು. ಟಿಕೀಟು ಕೊಂಡವನು ಚಿತ್ರವನ್ನು ಒಮ್ಮೆ ನೋಡಿ ಮನೆಗೆ ಹೋಗುತ್ತಾನೆ. ಬಾಗಿಲು ಕಾಯುವವನಾದರೋ ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡಿ, ಯಾವ ದೃಶ್ಯಕ್ಕೆ ಜನ ಉಸಿರು ಬಿಗಿಹಿಡಿಯುವರು, ಎಲ್ಲಿ ಬೇಸತ್ತು ಮೈಮುರಿಯುವರು ಎಂಬುದನ್ನು ಕತ್ತಲಲ್ಲಿಯೇ ಕಲಿಯುತ್ತಾನೆ. ಮಾತಿಲ್ಲದ ಆ ಕಾಲದಲ್ಲಿ, ಸಾವಿರ ಅಡಿಯ ಸುರುಳಿಯೊಂದು ಸುಮಾರು ಕಾಲು ಗಂಟೆಯಲ್ಲಿ ತೀರಿಹೋಗುತ್ತಿರಲು, ಯಂತ್ರವೊಂದೇ ಇದ್ದೆಡೆ ಇನ್ನೊಂದನ್ನು ಏರಿಸುವವರೆಗೆ ಪ್ರೇಕ್ಷಕರು ಕಾಯಲೇಬೇಕಾಗಿದ್ದಿತು. ಕಂಡುದನ್ನು ಮನದಲ್ಲಿ ಮರಳಿ ಕಟ್ಟಿಕೊಳ್ಳಲು ಅದಕ್ಕಿಂತ ಒಳ್ಳೆಯ ಬಿಡುವು ಯಾವುದು? ದಾದಾಸಾಹೇಬ ಫಾಳಕೆಯವರ ಚಿತ್ರಗಳನ್ನು ಅವನು ಕಂಡುದು ಇಲ್ಲಿಯೇ. ಅವನೇ ಮುಂದೆ ‘ದೋ ಆಂಖೇಂ ಬಾರಹ ಹಾಥ್’ ನಿರ್ಮಿಸಿ ಬರ್ಲಿನ್ನಿನಲ್ಲಿ ಮನ್ನಣೆ ಪಡೆದ, 1985ರ ಫಾಳಕೆ ಪ್ರಶಸ್ತಿಗೂ ಪಾತ್ರರಾದ ವಿ. ಶಾಂತಾರಾಮರು. ಕನ್ನಡ ನಾಡಿನ ಚಿತ್ರಚರಿತ್ರೆಯನ್ನು ಬೆಂಗಳೂರಿನಿಂದಲೇ ಆರಂಭಿಸುವವರು ಹುಬ್ಬಳ್ಳಿಯ ಈ ತಗಡಿನ ಮಾಡನ್ನು ಮರೆಯುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ ಹಿಂದಿ ಮರಾಠಿ ಚಿತ್ರಗಳು ಇಲ್ಲಿ ಮನೆಯವೇ ಆಗಿದ್ದವು. ಹಂಚಿಕೆಯ ವ್ಯವಹಾರದಲ್ಲಿ ಈ ಭಾಗಕ್ಕೆ ‘ಬಾಂಬೆ ಕರ್ನಾಟಕ’ವೆಂಬ ಹೆಸರು ಏಕೀಕರಣದ ಬಳಿಕವೂ ಅಳಿಯಲಿಲ್ಲ. ಬೆಳಗಾವಿ ಮಿರಜಗಳ ಮೇಲೆ ಹಾಯುವ ರೇಲ್ವೆ ಹಾದಿಯು ಮನುಷ್ಯರನ್ನೂ ಚಿತ್ರಗಳನ್ನೂ ಬಡಗಣಕ್ಕೆ ಬೆಸೆದಿತ್ತು. ಶಾಂತಾರಾಮರೂ ಬಡಗಣಕ್ಕೆ ತೆರಳಿ 1920ರಲ್ಲಿ ಕೊಲ್ಲಾಪುರದ ಬಾಬುರಾವ ಪೇಂಟರರ ಕಂಪನಿಯನ್ನು ಸೇರಿದರು. ಅದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರಿತವಾದ ‘ಸತಿ ಸುಲೋಚನಾ’, ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವಾಗಿ, 1934ರ ಮಾರ್ಚಿಯಲ್ಲಿ ಬೆಂಗಳೂರನ್ನು ಮುಟ್ಟಿತು.